ಮಗ್ಗ ನಿಂತ್ರ ಚಹಾ

೧೪ ಜುಲೈ ೨೦೦೩, ಸೋಮವಾರ. ಇಳಕಲ್

ನಿವೃತ್ತಿ ದಿನ ಸಾಲ್ಯಾಗ ನನಗ ಒಂದು ಶಾಲು, ಒಂದು ತೆಂಗಿನಕಾಯಿ, ಈ ಡೈರಿ ಕೊಟ್ರು. ಶಾಲು ಹೊಚ್ಚಿಗೊಳ್ಳೂವಂಥಾ ಥಂಡಿ ನಮ್ಮೂರಾಗ ಬೀಳೂದಿಲ್ಲ. ಕಾಯಿ ಒಳಗ ಕೆಟ್ಟಿತ್ತು. ಉಳದದ್ದು ಡೈರಿ. ಅದಕ್ಕ ಬರೀತೇನಿ.

ಮುಂಜಾನೆ ವೀರೇಶ ಬಂದಿದ್ದ. ಮೂರನೇತ್ತಾ ನನ್ನ ಕೈಯಾಗ ಕಲ್ತಾಂವ. ಈಗ ಪಾವರಲೂಮ್ ಹಾಕ್ಯಾನ, ಹಳೇ ಕೈಮಗ್ಗ ಕೊಂಡು ಬಿಚ್ಚಿ ಕಟಗಿ ಮಾರ್ತಾನ. "ಅಕ್ಕೋರ, ಕಾಕಾನ ಮಗ್ಗ ಸುಮ್ಮ ನಿಂತೈತಲ್ರಿ. ಅಸಲ ಸಾಗವಾನಿ. ಕೊಟ್ಟಬಿಡ್ರಿ" ಅಂದ. ಮಗ್ಗಿ ಎಂದೂ ನೆಟ್ಟಗ ಒಪ್ಪಿಸದಾಂವ, ಕಟಗಿ ಲೆಕ್ಕ ಮಾತ್ರ ಬಾಯಾಗ ಹೇಳ್ತಾನ. ನೋಡೂಣು ಅಂತ ಹೇಳಿ ಕಳಿಸಿದೆ.

ನಮ್ಮ ಮನಿಯವರು ಹೋಳಿಹುಣ್ಣಿವಿ ಮುಂದ ತೀರಿಕೊಂಡ್ರು. ಮಗ್ಗದ ಮ್ಯಾಲಿನ ಸೀರಿ ಹಂಗ ಐತಿ. ಮೈ ನೇದು ಮುಗಿಸ್ಯಾರ, ಸೆರಗಿನ ಕೆಂಪು ಈಗರೆ ಸುರು ಆಗಿತ್ತು. ಇವರು ಎಂದೂ ನನ್ನ ಹೆಸರು ಹಿಡಿದು ಕರದವರಲ್ಲ. ಚಹಾ ಬೇಕಾದ್ರ ಮಗ್ಗ ನಿಂದರಸ್ತಿದ್ರು, ಅಷ್ಟ. ಲಾಳಿ ಸಪ್ಪಳ ನಿಂತ ಕೂಡಲೆ ನಾ ಒಲಿ ಮ್ಯಾಲ ನೀರು ಇಡ್ತಿದ್ದೆ. ಈಗ ಮಗ್ಗ ನಿಂತದ್ದು ನಿಂತ ಐತಿ, ಹಿಂಗಾಗಿ ನನ್ನ ಕೈ ದಿನಾ ಪೂರ್ತಿ ಒಲಿ ಕಡೆ ಹೊಂಟಿರ್ತೈತಿ. ಇವತ್ತ ಚಹಾ ಮಾಡಿ ಮಾಡಿ ಚೆಲ್ಲಿದೆ. ಸಕ್ಕರಿ ಮುಗೀತು.

ಬಾಜೂ ಮನಿ ಶಮಶಾದಬಿ ಸಂಜಿಮುಂದ ಪುಂಡಿಪಲ್ಯ ತಂದಳು. ನಮ್ಮ ಮಗ್ಗಕ್ಕ ಕಂಡಿಕಿ ಸುತ್ತಿ ಕೊಡ್ತಿದ್ದಾಕಿ, ಲಾಳಿ ಒಳಗ ಹಾಕೂ ನೂಲು ಆಕಿ ಕೈಯಾಗ ತಯಾರಾಗ್ತಿತ್ತು. ಈಗ ಕೆಲಸಿಲ್ಲ, ಪಲ್ಯ ತರ್ತಾಳ. ಉಪ್ಪು ಜಾಸ್ತಿ. ಕೊಟ್ಟು ಹೋಗಬೇಕಿಲ್ಲೋ, ಹೊಸ್ತಿಲದಾಗ ಕುಂತ್ಲು. ಮಾತಾಡಾಕ ಆಕಿಗೆ ಬ್ಯಾರೆ ಯಾರೂ ಇಲ್ಲೇನೋ. ಆಕಿ ಹುಂಜ ನಮ್ಮ ಗ್ವಾಡಿ ಮ್ಯಾಲ ನಿಂತು ಕೂಗ್ತೈತಿ, ಅದಕ್ಕೊಂದು ಸ್ವಂತ ಗ್ವಾಡಿ ಇಲ್ಲಧಂಗ.

೨೨ ಜುಲೈ, ಮಂಗಳವಾರ

ಬಸ್ ಸ್ಟ್ಯಾಂಡಿನ ಎದುರಿಗೆ ಪ್ರೀತಿ ಸೈಬರ್ ಅಂಗಡಿ ತಗದಾಳ. ಆಕಿನೂ ನನ್ನ ವಿದ್ಯಾರ್ಥಿನಿ. "ಅಕ್ಕೋರ, ನಿಮ್ಮ ಕೈಲೆ ಬೋಣಿಗಿ ಆಗ್ಲಿ" ಅಂತ ಮನಿಗೆ ಬಂದು ಕರಕೊಂಡು ಹೋದಳು. ಗಂಡ ಸತ್ತ ವರ್ಷದಾಗ ನನ್ನ ಕೈಲೆ ಬೋಣಿಗಿ ಯಾಕವಾ ಅಂದೆ. "ಅಆಇಈ ನಿಮ್ಮ ಕೈಲೇ ಬೋಣಿಗಿ ಆಗೇತಿ, ಏನೂ ಕೆಟ್ಟಿಲ್ಲಲ್ರಿ" ಅಂದಳು. ಹುಡುಗಿ ಮಾತು ಕಲ್ತಾಳ.

ನನ್ನ ಹೆಸರಲೆ ಇ-ಮೇಲ್ ಅಂತ ಒಂದು ಮಾಡಿಕೊಟ್ಟಳು. ಇನ್ನ ಮ್ಯಾಲ ಜಗತ್ತಿನಾಗ ಯಾರು ಬೇಕಾದವರು ನನಗ ಕಾಗದ ಬರೀಬಹುದಂತ. ಪ್ರತಿ ಮಂಗಳವಾರ ಬಂದು ನೋಡ್ರಿ, ರೊಕ್ಕ ಬ್ಯಾಡ ಅಂದಳು. ಇವತ್ತ ನೋಡಿದೆ. ಯಾರೂ ಬರದಿಲ್ಲ.

೨ ಆಗಸ್ಟ್, ಶನಿವಾರ. ಪಂಚಮಿ

ಸತ್ತ ವರ್ಷ, ಮನ್ಯಾಗ ಉಂಡಿ ಕಟ್ಟೂ ಹಂಗಿಲ್ಲ. ಶಮಶಾದಬಿ ಶೇಂಗಾ ಉಂಡಿ ಮಾಡಿ ತಂದಾಳ. ನಮ್ಮ ಹಬ್ಬ ಆಕಿ ಮಾಡಿದಂಗಾತು. ಬೆಲ್ಲ ಗಟ್ಟಿ ಆಗಿ ಹಲ್ಲಿಗೆ ಕೆಲಸ ಹಚ್ಚಿತ್ತು. ತಿಂದೆ.

೫ ಆಗಸ್ಟ್, ಮಂಗಳವಾರ

ಕಾಗದ ಬಂದೈತಿ!

ಮಾರ್ಥಾ ಅನ್ನೂ ಹೆಣ್ಣಮಗಳು ಬರದಾಳ. ಆಫ್ರಿಕಾದಾಗಿನ ಯಾವುದೋ ಊರು. ಮನಿಗೆ ಬಂದು ಸಾಲಿ ನಕಾಶಿಯೊಳಗ ಹುಡುಕಿದೆ, ಸಿಗಲಿಲ್ಲ. ನಕಾಶಿ ಹಳೇದು. ಆಕಿ ಗಂಡ ವಿಮಾನ ಬಿದ್ದು ತೀರಿಕೊಂಡಾನ. ಮಕ್ಕಳಿಲ್ಲ. ಈಕಿಗೂ ದೊಡ್ಡ ಜಡ್ಡು, ಡಾಕ್ಟರು ಕೈ ಬಿಟ್ಟಾರ. ದೇವರಿಗೆ ಅಂಜೂವಂಥಾ ಒಬ್ಬರು ಬೇಕಾಗಿದ್ರು, ನಿನ್ನ ಹೆಸರು ಸಿಕ್ಕಿತು ಅಂತ ಬರದಾಳ. ಮುಂದ ಬ್ಯಾಂಕಿನಾಗ ಕೋಟಿಗಟ್ಟಲೆ ರೊಕ್ಕ ಐತಿ, ದಾನಕ್ಕ ನಿನಗ ಒಪ್ಪಸ್ತೇನಿ ಅಂತ ಏನೇನೋ ಐತಿ. ಸತ್ತ ಮನ್ಯಾಗ ಮಂದಿ ದುಃಖದಾಗ ಹಿಂಗ ಏನೇನರ ಮಾತಾಡ್ತಾರ. ಅದನ್ನ ಮನಸಿಗೆ ಹಚ್ಚಿಕೊಳ್ಳಬಾರದು.

ಸುದ್ದಿ ತಿಳಿದ ಮ್ಯಾಲ ಮಾತಾಡಿಸಿ ಬರಬೇಕಾದ್ದು ಪದ್ಧತಿ. ಬುತ್ತಿ ಕಟಿಗೊಂಡು ಆಫ್ರಿಕಾಕ್ಕ ಹೋಗೂದು ಆಗೂದಿಲ್ಲ. ಬರದೆ. ಇಂಗ್ಲಿಷ್ ಡಿಕ್ಷನರಿ ಇಟಗೊಂಡು, ಒಂದೊಂದ ಅಕ್ಷರ ಹುಡುಕಿ ಒತ್ತಿದೆ. ಊಟಾ ಬಿಡಬ್ಯಾಡ ತಂಗಿ, ಬಾಜೂ ಮನಿಯವರು ಏನರ ತಂದುಕೊಟ್ರ ಉಪ್ಪು ಜಾಸ್ತಿ ಇದ್ರೂ ಉಣ್ಣು, ಅಂತ ಬರದೆ. ಪ್ರೀತಿ ಇಣುಕಿ ನೋಡಾಕ ಬಂದಳು. ಇನ್ನೊಬ್ಬರ ಕಾಗದ ಓದಬಾರದು ಅಂತ ಹೇಳಿ ಆಚೆ ಕಳಿಸಿದೆ.

೧೨ ಆಗಸ್ಟ್, ಮಂಗಳವಾರ

ಮಾರ್ಥಾ ಉತ್ತರ ಬರದಾಳ. "ನಲ್ಮೆಯ ಅಕ್ಕ" ಅಂದಾಳ. ನಿನ್ನ ಕಾಗದ ಓದಿ ಕಣ್ಣೀರು ಬಂತು ಅಂದಾಳ. ಬ್ಯಾಂಕ್ ಖಾತಿ ನಂಬರ ಕೇಳ್ಯಾಳ. ಪಾಸಬುಕ್ ಪೆಟ್ಟಿಗ್ಯಾಗ ಐತಿ, ಪೆಟ್ಟಿಗಿ ಚಾವಿ ಇವರು ಎಲ್ಲಿ ಇಟ್ಟಾರೋ ಸಿಗವಲ್ದು. ಸಿಕ್ಕ ಮ್ಯಾಲ ಕಳಸ್ತೇನಿ ಅಂತ ಬರದೆ.

ಈ ವಿಷಯ ಯಾರಿಗೂ ಹೇಳಬ್ಯಾಡ ಅಂತ ಎರಡೆರಡು ಸಲ ಬರದಾಳ. ಗಂಡನ ಅಣ್ಣತಮ್ಮಂದಿರು ಆಸ್ತಿ ಮ್ಯಾಲ ಕಣ್ಣಿಟ್ಟಿರಬೇಕು. ನಮ್ಮ ಮೈದುನ ಹುನಗುಂದದಿಂದ ಮಣ್ಣಿಗೆ ಬಂದಾಂವ ಹೊಲದ ಉತಾರ ಕೇಳಿಕೊಂಡ ಹೋದ. ಎಲ್ಲಾ ಊರಾಗೂ ಇದ ಹಣೇಬರಹ.

ಶಮಶಾದಬಿ ಹೊಸ್ತಿಲದಾಗ ಕಾಯಕೋತ ಕುಂತಿದ್ದಳು. "ಎಲ್ಲಿ ಹೋಗಿದ್ರಿ ಅಕ್ಕೋರ?" ಅಂದಳು. ಕೆಲಸಿತ್ತು ಅಂದೆ. ಹೇಳಬ್ಯಾಡ ಅಂದಮ್ಯಾಲ ಹೇಳಬಾರದು.

೧೯ ಆಗಸ್ಟ್, ಮಂಗಳವಾರ

ಇವತ್ತ ಮಾರ್ಥಾಗ ದೊಡ್ಡ ಕಾಗದ ಬರದೆ. ಇವರದು ಎಲ್ಲಾ ಬರದೆ. ಬಾಗಲಕೋಟಿ ದವಾಖಾನ್ಯಾಗ ಹೆಂಗ ಇಟಗೊಂಡ್ರು, ಡಾಕ್ಟರು ಬಂದಾಗೊಮ್ಮೆ ಇವರು ಹಾಸಿಗಿ ಚಾದರದ ದಡಿ ಹೆಂಗ ಮುಟ್ಟಿ ನೋಡ್ತಿದ್ರು, "ಮಿಲ್ಲಿನ ಮಾಲು" ಅಂತ ನನ್ನ ಕಿವ್ಯಾಗ ಹೆಂಗ ಅಂದ್ರು. ಅವ ಕಡೀ ಮಾತು. ಅದನ್ನ ನಾ ಯಾರಿಗೂ ಹೇಳಿದ್ದಿಲ್ಲ. ಸತ್ತವರ ಬಾಯಾಗ ಶಿವನ ಹೆಸರು ಇತ್ತು ಅಂತ ಮಂದಿಗೆ ಹೇಳಿ ಇಟ್ಟೀನಿ.

ಹೆಸರೂ ಬರದೆ. ಗುರಲಿಂಗಪ್ಪ. ಬಾಯಿಲೆ ಎಂದೂ ಅಂದಿಲ್ಲ, ಬೆರಳಿಲೆ ಒತ್ತಿದೆ. ಕಂಪ್ಯೂಟರಿನ ಪರದೆ ಮ್ಯಾಲ ಕರ್ರಗ ಕಾಣ್ತು. ಭಾಳ ಹೊತ್ತು ನೋಡಿದೆ. ಪ್ರೀತಿ "ಲೈನ್ ಹೋಗೇತೇನ್ರಿ ಅಕ್ಕೋರ?" ಅಂದಳು. ಹೂಂ ಅಂದೆ.

ಕಡೀಕ ಒಂದು ಮಾತು ಕೇಳಿದೆ. ನಿನ್ನ ಗಂಡ ನಿನಗ ಏನಂತ ಕರೀತಿದ್ದ, ಮಾರ್ಥಾ?

೨೬ ಆಗಸ್ಟ್, ಮಂಗಳವಾರ

ಉತ್ತರ ಬಂದೈತಿ. ವಕೀಲನ ಹೆಸರು, ಅವನ ಫೀ, ಅದನ್ನ ಕಳಿಸೂ ರೀತಿ. ರೊಕ್ಕ ಬಿಡಿಸಾಕ ಆ ಫೀ ಮೊದಲ ಕಟ್ಟಬೇಕಂತ, ತನ್ನ ಕೈಯಾಗ ಈಗ ದವಾಖಾನಿಗೂ ಕಾಸಿಲ್ಲಂತ. ಬೇಗ ಬೇಗ ಅಂತ ಬರದಾಳ. ನಾ ಕೇಳಿದ ಮಾತಿಗೆ ಉತ್ತರಿಲ್ಲ. ಜಡ್ಡಿನಾಗ ಮರತಿರಬೇಕು. ಗಂಡ ಕಾರು ಪಲ್ಟಿ ಆಗಿ ಸತ್ತ ಅಂತ ಈ ಸಲ ಬರದಾಳ. ಮೊದಲ ಕಾಗದದಾಗ ವಿಮಾನ ಇತ್ತು. ದುಃಖದಾಗ ಹಂಗ ಆಗ್ತೈತಿ. ಇವರು ತೀರಿಕೊಂಡ ತಾರೀಖು ನಾನೂ ಬ್ಯಾಂಕಿನಾಗ ತಪ್ಪ ಹೇಳಿದ್ದೆ.

ಅದ ಮಾತು ಮತ್ತೊಮ್ಮೆ ಕೇಳಿ ಬರದೆ.

ನನ್ನ ಪಿಂಚಣಿ ಕಾಗದ ಇನ್ನೂ ಮ್ಯಾಲಿನ ಆಫೀಸಿನಾಗ ಮಲಗೇತಿ. ಕೂಡಿಟ್ಟದ್ದು ದವಾಖಾನಿಗೆ ಹೋತು. ಆದ್ರ ಒಬ್ಬಾಕಿ ಅಲ್ಲಿ ಗುಳಿಗಿ ಇಲ್ಲದ ಮಲಗ್ಯಾಳ, ನನಗ ಅಕ್ಕ ಅಂದಾಳ. ಅಂಥಾಕಿನ್ನ ಹೆಂಗ ಬಿಡೂದು?

೩೦ ಆಗಸ್ಟ್, ಶನಿವಾರ

ವೀರೇಶಗ ಹೂಂ ಅಂದೆ. ಸಂಚಕಾರ ಅಂತ ಮುಂಗಡ ರೊಕ್ಕ ಕೊಟ್ಟ ಹೋದ. ಬರೂ ಶುಕ್ರವಾರ ಟೆಂಪೋ ತಂದು ಬಿಚ್ಚಿಕೊಂಡು ಒಯ್ತಾನ. ಅದರ ಮುಂದಿನ ಸೋಮವಾರ ನಾ ಬಾಗಲಕೋಟಿಗೆ ಹೋಗಿ ಫೀ ಕಳಸ್ತೇನಿ. ಇಳಕಲ್ಲಾಗ ಹೊರದೇಶಕ್ಕ ರೊಕ್ಕ ಕಳಿಸೂ ಸೌಲತ್ತಿಲ್ಲ.

ಶಮಶಾದಬಿ ಬ್ಯಾಳಿ ಡಬರಿ ಹಿಡಕೊಂಡು ಬಂದಾಕಿ ಎಲ್ಲಾ ಕೇಳಿಸಿಕೊಂಡಳು.

"ಮಗ್ಗದ ಮ್ಯಾಲ ಸೀರಿ ಐತಲ್ರಿ?" ಅಂದಳು.

"ಕತ್ತರಿಸಿ ತಗೀತಾನಂತ" ಅಂದೆ.

"ಯಾ ಅಲ್ಲಾ! ಹಾಸಿನ ನೂಲಿಗೆ ಕತ್ತರಿ ಹಾಕಸ್ತೀರಿ? ಕಾಕಾ ಕುಂತು ಒಂದೊಂದ ಎಳಿ ಏರಿಸಿದ್ದಕ್ಕ? ಆ ಕೆಂಪು ನೂಲು ನಾ ಸುತ್ತಿಕೊಟ್ಟದ್ದು. ನನ್ನ ಒಂದು ಮಾತು ಕೇಳೂದು ಬ್ಯಾಡ್ರಿ?"

"ನಿನ್ನನ್ಯಾಕ ಕೇಳಬೇಕ? ನಿನ್ನ ಗಂಡನ ಮಗ್ಗೇನದು?" ಅಂದೆ.

ಆಕಿ ಡಬರಿ ಕೆಳಗಿಟ್ಟು ಎದ್ದು ಹೋದಳು. ಹುಂಜನೂ ಇವತ್ತ ಸಂಜಿಗೆ ನಮ್ಮ ಗ್ವಾಡಿ ಮ್ಯಾಲ ಬರಲಿಲ್ಲ. ಒಳ್ಳೇದ ಆತು.

ಬ್ಯಾಳ್ಯಾಗ ಉಪ್ಪು ಸರಿ ಇತ್ತು.

೨ ಸೆಪ್ಟೆಂಬರ್, ಮಂಗಳವಾರ

ಮಾರ್ಥಾ: ಫೀ ಎಲ್ಲಿ? ಕಡೀ ದಿನಾ ಹತ್ರ ಬಂತು. ದೇವರು ನೋಡ್ತಾನ.

ನಾ: ಶುಕ್ರವಾರ ಮಗ್ಗ ಹೋಗ್ತೈತಿ, ಸೋಮವಾರ ಕಳಸ್ತೇನಿ. ಅವನು ಏನಂತ ಕರೀತಿದ್ದ?

ಪ್ರೀತಿ ಚಹಾ ತರಿಸಿದಳು. ಕುಡಿಯಾಕ ಆಗಲಿಲ್ಲ.

೪ ಸೆಪ್ಟೆಂಬರ್, ಗುರುವಾರ

ನಿನ್ನೆ, ಮೊನ್ನೆ ಯಾರೂ ಬರಲಿಲ್ಲ. ಮನಿ ಶಾಂತ ಇತ್ತು. ಶಾಂತ ಅಂದ್ರ ಏನು, ಗ್ವಾಡಿ ಮ್ಯಾಲ ಪಲ್ಲಿ ನಡದದ್ದು ಕೇಳಸ್ತಿತ್ತು.

ಇವತ್ತ ಮಧ್ಯಾಹ್ನ ಶಮಶಾದಬಿ ಡಬರಿ ಒಯ್ಯಾಕ ಬಂದಳು. ಹೊರಗ ನಿಂತಳು, ಹೊಸ್ತಿಲದಾಗ ಕುಂಡ್ರಲಿಲ್ಲ. ಡಬರಿ ಕೊಡಾಕ ಎದ್ದಾಕಿ, ಯಾಕ ಕೇಳಿದೆನೋ ಗೊತ್ತಿಲ್ಲ, ಬಾಯಾಗ ಅದ ಮಾತು ಇತ್ತು, ಕೇಳಿದೆ. "ನಿಮ್ಮ ಮನಿಯವರು ನಿನಗ ಏನಂತ ಕರೀತಿದ್ರ?"

"ಕರೀತಿರಲಿಲ್ರಿ" ಅಂದಳು. "ಕೆಮ್ಮತಿದ್ರು."

"ಕೆಮ್ಮತಿದ್ರು?"

"ಒಂದು ಸಲ ಕೆಮ್ಮಿದ್ರ ನೀರು. ಎರಡು ಸಲ ಕೆಮ್ಮಿದ್ರ ಹೊರಗ ಮಂದಿ ಬಂದಾರ, ಸೆರಗು ಹೊಚಗೋ ಅಂತ." ಡಬರಿ ಇಸಗೊಳ್ಳಲಿಲ್ಲ ಆಕಿ. "ಆಮ್ಯಾಲ ಕಲ್ಲಿನ ಕ್ವಾರಿ ಧೂಳದಾಗ ದುಡದು ದುಡದು ಖರೇನ ಕೆಮ್ಮು ಹತ್ತಿತಲ್ರಿ ಅಕ್ಕೋರ. ಆವಾಗ ಅವರು ಕೆಮ್ಮಿದಾಗೊಮ್ಮೆ ನಾ ಓಡಿ ಹೋಗ್ತಿದ್ದೆ. ಕೈ ಮಾಡಿ ತೋರಸ್ತಿದ್ರು. ನಿನ್ನ ಕರದಿಲ್ಲ, ಕುಂಡ್ರು ಅಂತ."

ಹಂಗ ಹೇಳಕೋತ ಹೇಳಕೋತ ಹೊಸ್ತಿಲದಾಗ ಕುಂತಳು. ನಾನೂ ಕುಂತೆ. ಕೂಡಲಸಂಗಮದಾಗ ಕಲ್ಲು ಹಾಸೂ ಕೆಲಸಕ್ಕ ಹೋಗಿದ್ದಾಗ ನದಿ ನೀರಾಗ ಕಾಲಿಟ್ಟು ಕುಂತಿದ್ರಂತ, ಆಕಿಗೆ ಅಲ್ಲಿಂದ ಹಸಿರು ಬಳಿ ತಂದಿದ್ರಂತ, ಅಳತಿ ತಪ್ಪಿ ಸಣ್ಣು ಆಗಿದ್ವಂತ, ಸಾಬಾಣ ಹಚ್ಚಿ ಏರಿಸಿಕೊಂಡ್ಳಂತ. ಅಳತಾಳ, ನಗತಾಳ, ಮತ್ತ ಹೇಳತಾಳ. ಆತ ತೀರಿದಾಗ ನಾನೂ ಹೋಗಿದ್ದೆ. ಹೋಗಿ ಬಂದಿದ್ದೆ, ಅಷ್ಟ. ಇದ್ಯಾವುದೂ ನನಗ ಗೊತ್ತಿರಲಿಲ್ಲ. ನಾ ಕೇಳಿದ್ದು ಒಂದ ಮಾತು, ಆಕಿ ಹೇಳಿ ಮುಗಿಸೂದ್ರಾಗ ಹೊತ್ತು ಮುಳುಗಿತು.

ಆಕಿ ಹೋದ ಮ್ಯಾಲ ಕುಂತಲ್ಲೆ ಕುಂತೆ. ಗಂಡನ್ನ ಕಳಕೊಂಡಾಕಿನ್ನ ಈ ಮಾತು ಒಮ್ಮೆ ಕೇಳಿದ್ರ ಸಾಕು, ಬ್ಯಾಡಂದ್ರೂ ನಿಲ್ಲಂಗಿಲ್ಲ. ಮಾರ್ಥಾಗ ನಾ ಇದನ್ನ ಕೇಳಿಕೋತ ಬಂದೀನಿ. ಆಕಿ ವಕೀಲನ ಹೆಸರು ಹೇಳ್ಯಾಳ.

ಮಾರ್ಥಾನ ಗಂಡ ಸತ್ತಿಲ್ಲ. ಮಾರ್ಥಾಗ ಗಂಡ ಇಲ್ಲ. ಮಾರ್ಥಾನೂ ಇಲ್ಲ ಅಂತ ಕಾಣ್ತೈತಿ.

ಅಳು ಬಂತು. ಸಿಟ್ಟೂ ಬಂತು. ಮಗ್ಗ ಕೈಬಿಟ್ಟು ಹೋಗ್ತಿತ್ತು ಅಂತಲ್ಲ. ಇವರ ಹೆಸರು ಬರದು ಕಳಿಸೀನಲ್ಲ, ಅದಕ್ಕ. "ಮಿಲ್ಲಿನ ಮಾಲು" ಅಂದದ್ದೂ ಬರದೀನಿ. ಯಾವ ಭಾಡಕೋ ಓದಿ ನಕ್ಕಾನೋ!

೫ ಸೆಪ್ಟೆಂಬರ್, ಶುಕ್ರವಾರ

ಶಿಕ್ಷಕರ ದಿನಾ ಅಂತ ವೀರೇಶ ಒಂದು ಕೈಯಾಗ ಹೂವಿನ ಮಾಲಿ ತಂದಿದ್ದ, ಇನ್ನೊಂದು ಕೈಯಾಗ ನಟ್ಟು ಬಿಚ್ಚೂ ಪಾನಾ. ಹಿಂದ ಟೆಂಪೋ, ಇಬ್ಬರು ಆಳು.

ನಾ ಮೊದಲ, ನೇಯಾವರು ಕಾಲು ಇಳಿಬಿಡೂ ಮಗ್ಗದ ಕುಣ್ಯಾಗ ಇಳಿದು ಕುಂತಿದ್ದೆ.

"ಅಕ್ಕೋರ, ಏಳ್ರಿ" ಅಂದ.

"ಏಳೂದಿಲ್ಲ."

"ಮಾತು ಕೊಟ್ಟೀರಿ, ಸಂಚಕಾರ ಇಸಗೊಂಡೀರಿ."

"ಸಂಚಕಾರ ಅಲ್ಲೆ ಗೂಟಕ್ಕ ತೂಗ ಹಾಕಿದ ಚೀಲದಾಗ ಐತಿ, ತಗೋ. ಮಾತು ವಾಪಸ್ ತಗೊಂಡೀನಿ. ಮಗ್ಗ ಬೇಕ ಬೇಕು ಅಂದ್ರ ನನ್ನನ್ನೂ ಕೂಡಿ ಬಿಚ್ಚಪಾ. ಕಾಲಿನಿಂದ ಸುರು ಮಾಡು, ಮೊಣಕಾಲು ಸಡ್ಲ ಅದಾವ."

ವೀರೇಶ ಆಳುಗಳ ಮಾರಿ ನೋಡಿದ. ಆಳುಗಳು ಟೆಂಪೋ ನೋಡಿದ್ರು. ಗ್ವಾಡಿ ಆಚೆಯಿಂದ ಶಮಶಾದಬಿ ಕೂಗಿದಳು, "ಲೇ ವೀರೇಶ, ಪಾನಾ ಇಟ್ಟು ಮಾಲಿ ಹಾಕಿ ಹೋಗಲೇ, ಇವತ್ತ ಅಕ್ಕೋರ ದಿನಾ!"

ಹಾಕಿ ಹೋದ. ಕುಣಿಯೊಳಗ ಕುಂತಾಕಿಗೆ ಬಗ್ಗಿ ಹಾಕಬೇಕಾತು.

ಏಳಾಕ ಹೋದ್ರ ಏಳಾಕ ಬರವಲ್ದು, ಮೊಣಕಾಲು ಖರೇನ ಹಿಡದಿದ್ವು. ಶಮಶಾದಬಿ ಬಂದು ಎಬ್ಬಿಸಿದಳು. ಆಕಿಗೆ ಮಾರ್ಥಾಂದು ಎಲ್ಲಾ ಹೇಳಿದೆ. ನಗತಾಳ ಅಂತ ಮಾಡಿದ್ದೆ. "ಗಂಡ ಇಲ್ಲದ ವಿಧವಿ ಆಗ್ಯಾಳಲ್ರಿ, ಎಂಥಾ ಶೌಕ್ ಇದು!" ಅಂದಳು. ಆಮ್ಯಾಲ ಇಬ್ಬರೂ ನಕ್ಕಿವಿ. ಗ್ವಾಡಿ ಮ್ಯಾಲ ಹುಂಜ ಬಂದಿತ್ತು, ಅಂಜಿ ಹಾರಿ ಹೋತು.

೯ ಸೆಪ್ಟೆಂಬರ್, ಮಂಗಳವಾರ

ಮಾರ್ಥಾಗ ಛಲೋತ್ನಾಗಿ ಬಯ್ದು ಬರೀಬೇಕಂತ ಹೋದೆ. ಮನ್ಯಾಗ ಮಾತು ಕೂಡಿಸಿಕೊಂಡು ಹೋಗಿದ್ದೆ. ನಿನಗ ಅವ್ವ ಇದ್ರ ಮೊದಲ ಆಕಿನ್ನ ಮಾತಾಡ್ಸು, ದುಡದು ಉಣ್ಣು, ಸತ್ತವರ ಹೆಸರಲೆ ರೊಕ್ಕ ಕೇಳಬ್ಯಾಡ, ಅಂತ.

ಪ್ರೀತಿಗೆ ಈ ಸಲ ಎಲ್ಲಾ ತೋರಿಸಿದೆ. ಆಕಿ ಮಾರಿ ಇಳಿಬಿಟ್ಟಳು. "ಮೊದಲ ತೋರಸಬಾರದೇನ್ರಿ ಅಕ್ಕೋರ? ಇಂಥಾವು ಲಕ್ಷಗಟ್ಟಲೆ ಮಂದಿಗೆ ಒಂದ ಸಲ ಕಳಸ್ತಾರ. ಖಾತಿ ನಂಬರ ಕೊಟ್ಟೀರೇನು?"

"ಪೆಟ್ಟಿಗಿ ಚಾವಿ ಸಿಕ್ಕಿಲ್ಲ" ಅಂದೆ.

"ಸಿಗದಿದ್ರ ಸಿಗವಲ್ದು ಬಿಡ್ರಿ. ಬೈಯೂದೂ ಬ್ಯಾಡ. ಉತ್ತರ ಕೊಟ್ಟಷ್ಟೂ ಇಲ್ಲೊಬ್ಬರು ಓದಾವರು ಅದಾರ ಅಂತ ಇನ್ನೂ ಬರ್ತಾವ."

ಅಳಿಸಿ ಹಾಕೂದು ತೋರಿಸಿಕೊಟ್ಟಳು. ಪಾಟಿ ಒರಸೂದಕ್ಕಿಂತ ಸಸಾರ ಐತಿ. ನಾ ಇವರ ಬಗ್ಗೆ ಬರದದ್ದು ಮಾತ್ರ ಅಳಿಸುವ ಮುಂದ ಕೈ ಬರಲಿಲ್ಲ. ಅದನ್ನ ಪ್ರೀತಿ ಕಾಗದದ ಮ್ಯಾಲ ಇಳಿಸಿ ಕೊಟ್ಟಳು. ಮನಿಗೆ ತಂದು ಶಮಶಾದಬಿಗೆ ಕನ್ನಡದಾಗ ಓದಿ ಹೇಳಿದೆ. ಚಾದರದ ಮಾತಿಗೆ ಬಂದಾಗ ಆಕಿ "ಕಾಕಾ ಖರೇ ಹೇಳ್ಯಾರ, ಆ ದವಾಖಾನಿ ಚಾದರ ಮಿಲ್ಲಿನವ" ಅಂದಳು. ಆಕಿ ಗಂಡನೂ ಅಲ್ಲೆ ಇದ್ದ.

೧೬ ಸೆಪ್ಟೆಂಬರ್, ಮಂಗಳವಾರ

ಇಂಗ್ಲಂಡಿನಾಗ ನನಗ ಲಾಟರಿ ಹತ್ತೇತಂತ. ಟಿಕೀಟು ತಗೊಂಡಿಲ್ಲ. ತಗೊಳ್ಳಾರದ ಹತ್ತೂ ಲಾಟರಿ ಅಂದ್ರ ಅದು ಲಾಟರಿ ಅಲ್ಲ, ಅಳಿಸಿದೆ.

ಬಾಜೂ ಖುರ್ಚ್ಯಾಗ ಮಾಳಪ್ಪ ಇದ್ದ. ಗ್ರ್ಯಾನೈಟ್ ಕಾರ್ಖಾನ್ಯಾಗ ಕಾರಕೂನಕಿ ಮಾಡಾಂವ. "ಅಕ್ಕೋರ, ಬ್ಯಾಂಕಿನವರು ಕಾಗದ ಬರದಾರ, ನನ್ನ ಗುಪ್ತ ಅಕ್ಷರ, ಪಾಸವರ್ಡ್, ಕೇಳ್ಯಾರ, ಕೊಡದಿದ್ರ ಖಾತಿ ಬಂದ್ ಅಂತ. ಏನ ಮಾಡ್ಲಿ?" ಅಂದ.

"ನೀ ಬ್ಯಾಂಕಿನಾಗ ಎದುರಿಗೆ ಹೋಗಿ ನಿಂತ್ರ ನಿನ್ನ ಮಾತಾಡಸ್ತಾರೇನು?" ಅಂದೆ.

"ಎಲ್ಲಿ ಮಾತಾಡಸ್ತಾರ್ರಿ, ತಲಿನ ಎತ್ತಂಗಿಲ್ಲ."

"ಅಂಥಾವರು ತಾವಾಗಿ ಕಾಗದ ಬರೀತಾರೇನು ನಿನಗ? ಕೊಡಬ್ಯಾಡ. ಸಂಶೆ ಇದ್ರ ನಡಕೋತ ಹೋಗಿ ಅವರನ್ನ ಕೇಳು, ಹತ್ತು ಹೆಜ್ಜಿ ಮ್ಯಾಲ ಐತಿ."

ಅಳಿಸಿದ. ಇನ್ನ ಪ್ರತಿ ಮಂಗಳವಾರ ಇಲ್ಲೆ ಕುಂಡ್ರರಿ ಅಂತ ಪ್ರೀತಿ ಹೇಳ್ಯಾಳ, ಮಂದಿ ಕೇಳಾಕ ಬರ್ತಾರಂತ. ಆಗೂದಿಲ್ಲ ಅಂದೆ. ಮಧ್ಯಾಹ್ನದ ಮ್ಯಾಲ ಬೇಕಾದ್ರ ಬರ್ತೇನಿ, ಮುಂಜಾನೆ ನನಗ ಕೆಲಸೈತಿ.

೧ ಅಕ್ಟೋಬರ್, ಬುಧವಾರ

ಸೆರಗು ಒಂದು ಗೇಣು ಏರಿತು. ನೇಯೂದು ಲಗ್ನ ಆದ ಹೊಸದಾಗಿ ಅತ್ತಿ ಕಲಿಸಿದ್ದು, ಕೈ ಮರತಾವ, ಕಾಲು ಮರತಿಲ್ಲ. ಇವರು ನೇದದ್ದು ಎಲ್ಲಿ ಮುಗೀತು, ನಂದು ಎಲ್ಲಿ ಸುರು ಆತು ಅನ್ನೂದು ಕುರುಡ್ರಿಗೂ ಕಾಣ್ತೈತಿ. ಇಂಥಾ ಸೀರಿ ಯಾರು ಉಡ್ತಾರ ಅಂದೆ. "ನಾ ಉಡ್ತೇನಿ, ಯಾರಿಗೂ ಕೊಡಬ್ಯಾಡ್ರಿ" ಅಂತ ಶಮಶಾದಬಿ ಅಂದಾಳ. ಕಂಡಿಕಿ ಆಕಿನ ಸುತ್ತಿಕೊಡ್ತಾಳ.

ಇವತ್ತ ಆಕಿ ತನ್ನ ಮನ್ಯಾಗ ಇದ್ದಳು. ನಾ ನೇಯಾಕತ್ತಿದ್ದೆ, ಒಂದು ಎಳಿ ಹರೀತು. ಕೂಡಿಸಾಕ ಮಗ್ಗ ನಿಂದರಿಸಿದೆ. ಎಳಿ ಸಣ್ಣದು, ಕಣ್ಣು ಹಿಡೀವಲ್ದು, ಹೊತ್ತು ಹಿಡೀತು. ಗಂಟು ಹಾಕಿ ತಲಿ ಎತ್ತಿದ್ರ ಶಮಶಾದಬಿ ಚಹಾದ ಕಪ್ಪು ಬಸಿ ಹಿಡಕೊಂಡು ಬಾಗಿಲದಾಗ ನಿಂತಿದ್ದಳು.

"ನಾ ಎಲ್ಲಿ ಕರದೆ ನಿನ್ನ?" ಅಂದೆ.

"ಮಗ್ಗ ನಿಂತಿತಲ್ರಿ ಅಕ್ಕೋರ" ಅಂದಳು.

ಸಕ್ಕರಿ ಜಾಸ್ತಿ ಆಗಿತ್ತು. ಕುಡದೆ.